ಕುರಿಯ ಗುಂಡಿಗೆ: ರಕ್ತ ಹರಿವ ದಾರಿಯಲ್ಲೇ ಕತ್ತರಿ ನಡೆಸುವುದು

ವಿದ್ಯಾರ್ಥಿಗಳಿಗೆ ಹೃದಯದ ರಚನೆ ತೋರಿಸಲು ನಾನು ಬಳಸುವುದು ಮಾಂಸದಂಗಡಿಯ ಕುರಿ ಗುಂಡಿಗೆ. ನಾಲ್ಕು ಕೋಣೆ, ನಾಲ್ಕು ಕವಾಟ, ಎಲ್ಲ ನಮ್ಮದರಂತೆಯೇ. ಅದನ್ನು ಮಾವಿನಕಾಯಿಯಂತೆ ಎರಡು ಹೋಳು ಮಾಡಬಾರದು. ಹೋಳು ಮಾಡಿದರೆ ಕೋಣೆಗಳು ಕಾಣುತ್ತವೆ ನಿಜ, ಆದರೆ ಕವಾಟದ ದಳ, ತಂತುಗಳೆಲ್ಲ ತುಂಡಾಗಿ, ರಕ್ತ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದೇ ಮರೆಯಾಗುತ್ತದೆ. ಮೊದಲು ಬೆರಳು, ಆಮೇಲೆ ಬೆರಳು ಹೋದ ದಾರಿಯಲ್ಲೇ ಕತ್ತರಿ.

ಅಂಗಡಿಯಲ್ಲಿ ಬರೀ ಗುಂಡಿಗೆ ಕೇಳಿದರೆ ಮೇಲಿನ ನಾಳಗಳನ್ನೂ ಹೃತ್ಕರ್ಣಗಳನ್ನೂ (ಮೇಲಿನ ಎರಡು ಕೋಣೆ) ಸವರಿ, ರಕ್ತ ಹೋಗಲೆಂದು ಸೀಳಿಯೂ ಕೊಡುತ್ತಾರೆ. ಹಿಂದಿನ ದಿನವೇ ಹೋಗಿ, ಶ್ವಾಸಕೋಶದ ಸಮೇತ, ಕತ್ತಿ ತಾಗಿಸದೆ ಬೇಕೆಂದು ಹೇಳಿಡುತ್ತೇನೆ. ನಾಲ್ವರಿಗೆ ಒಂದರಂತೆ ಲೆಕ್ಕ, ಮೇಲೊಂದು ಹೆಚ್ಚಿಗೆ. ಪ್ರಾಣಿ ಸತ್ತ ಕೆಲವು ಗಂಟೆಗಳಲ್ಲಿ ಸ್ನಾಯು ಸೆಟೆದುಕೊಳ್ಳುತ್ತದೆ. ಆಗ ಎಡ ಹೃತ್ಕುಕ್ಷಿ (ಕೆಳಗಿನ ಎಡ ಕೋಣೆ) ಮುಷ್ಟಿಯಂತೆ ಬಿಗಿದು, ಒಳಗಿನ ಜಾಗ ಸೀಳುಗಂಡಿಯಷ್ಟೇ ಉಳಿಯುತ್ತದೆ. ಗೋಡೆ ಇರುವುದಕ್ಕಿಂತ ದಪ್ಪವಾಗಿ ಕಾಣುತ್ತದೆ. ಅಂಥದ್ದು ಸಿಕ್ಕರೆ ಒಂದು ರಾತ್ರಿ ಫ್ರಿಜ್ಜಿನಲ್ಲಿಟ್ಟು ಸಡಿಲವಾದ ಮೇಲೆ ಬಿಡಿಸುತ್ತೇನೆ. ಫ್ರೀಜರಿನಲ್ಲಿಟ್ಟು ಕರಗಿಸಿದ್ದು ಮೆತ್ತಗಾಗಿರುತ್ತದೆ, ತೆಳು ದಳಗಳು ಬೇಗ ಹರಿಯುತ್ತವೆ.

ಎಡ-ಬಲದಲ್ಲಿ ತಪ್ಪದವರಿಲ್ಲ. ಮುಮ್ಮೈ ಮೇಲೆ ಮಾಡಿ ಇಟ್ಟಾಗ ಹೃದಯದ ಎಡ ನಿಮ್ಮ ಬಲಗೈ ಕಡೆ ಬರುತ್ತದೆ. ಕೊಬ್ಬು ತುಂಬಿದ ಓರೆಯ ಗೆರೆ ಮುಮ್ಮೈಯ ಗುರುತು. ಶ್ವಾಸಕೋಶಕ್ಕೆ ರಕ್ತ ಒಯ್ಯುವ ಪುಪ್ಪುಸ ಅಪಧಮನಿ ಏಳುವುದೂ ಅಲ್ಲೇ ಮೇಲ್ಗಡೆ. ಆದರೂ ನಾನು ಹೆಚ್ಚು ನಂಬುವುದು ಬೆರಳನ್ನು. ಎರಡೂ ಬದಿ ಅಮುಕಿ ನೋಡಿ: ಮೆತ್ತಗಿರುವುದು ಬಲ, ಗಟ್ಟಿಯಾಗಿರುವುದು ಎಡ. ತುದಿ ಪೂರ್ತಿ ಎಡ ಹೃತ್ಕುಕ್ಷಿಯದೇ.

ಮೈಗೆಲ್ಲ ರಕ್ತ ಒಯ್ಯುವ ಮಹಾಪಧಮನಿಯನ್ನೂ ಪುಪ್ಪುಸ ಅಪಧಮನಿಯನ್ನೂ ಬಿಡಿಸುವಾಗ ನಡುವೆ ಗಟ್ಟಿ ಹುರಿಯೊಂದು ತಡೆಯುತ್ತದೆ. ಅದು ಕೊಬ್ಬಲ್ಲ, ಎಳೆಯಬೇಡಿ. ಗರ್ಭದಲ್ಲಿದ್ದಾಗ ಶ್ವಾಸಕೋಶವನ್ನು ತಪ್ಪಿಸಿ ರಕ್ತ ದಾಟಿಸುತ್ತಿದ್ದ ನಾಳದ ಉಳಿಕೆ ಅದು. ಕುರಿಯಲ್ಲಿ ಮಹಾಪಧಮನಿಯ ಕಮಾನಿನಿಂದ ಹೊರಡುವುದು ಒಂದೇ ದೊಡ್ಡ ಕವಲು. ಮನುಷ್ಯನಲ್ಲಿ ಸಾಮಾನ್ಯವಾಗಿ ಮೂರು. ಚಿತ್ರ ಬರೆಯುವಾಗ ಇದು ನೆನಪಿರಲಿ.

ಕೋಣೆಗಳನ್ನು ತೆರೆಯುವ ಮೊದಲೇ ನೀರಿನ ಪರೀಕ್ಷೆ. ಮಹಾಪಧಮನಿಯನ್ನು ಆ ಕವಲಿಗಿಂತ ಕೆಳಗೆ, ಬುಡದಿಂದ 2 ಸೆಂ.ಮೀ. ಮೇಲೆ ಅಡ್ಡಕ್ಕೆ ಕತ್ತರಿಸಿ, ಬಾಯಿ ಮೇಲೆ ಮಾಡಿ ಹಿಡಿದು ನೀರು ಹೊಯ್ಯಿರಿ. ಮೂರು ಅರ್ಧಚಂದ್ರ ದಳಗಳು ಉಬ್ಬಿ ಒಂದಕ್ಕೊಂದು ಒತ್ತಿಕೊಂಡು ನೀರನ್ನು ಹಿಡಿದು ನಿಲ್ಲಿಸುತ್ತವೆ. ಸರ್ರನೆ ಇಳಿದುಹೋದರೆ ದಳ ಹರಿದಿದೆ, ಹೆಚ್ಚಾಗಿ ಮೊದಲೇ ಯಾರೋ ಕಡ್ಡಿ ತೂರಿಸಿರುತ್ತಾರೆ. ಆದರೆ ನಿಧಾನವಾಗಿ ಇಳಿದರೆ ಕವಾಟ ಕೆಟ್ಟಿದೆ ಎನ್ನಬೇಡಿ. ದಳಗಳ ಹಿಂದಿನ ಗುಳಿಯಲ್ಲಿ ಎರಡು ಸಣ್ಣ ತೂತುಗಳಿವೆ. ಹೃದಯಕ್ಕೇ ರಕ್ತ ಒದಗಿಸುವ ಕರೋನರಿ ಅಪಧಮನಿಗಳ ಬಾಯಿ ಅವು. ನೀರು ಅಲ್ಲಿಂದ ಜಾರುತ್ತಿದೆ. ಎಡ ಹೃತ್ಕುಕ್ಷಿಯ ಸ್ನಾಯುವಿಗೆ ರಕ್ತ ಹೆಚ್ಚಾಗಿ ಸಿಗುವುದು ಹೃದಯ ಸಡಿಲಾದಾಗ, ಈ ಕವಾಟ ಮುಚ್ಚಿರುವಾಗ. ಅದೇ ಇಲ್ಲಿ ಕಣ್ಣೆದುರು ನಡೆಯುತ್ತದೆ. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಇಷ್ಟು ಬೆಲೆಯುಳ್ಳ ಕ್ಷಣ ಇನ್ನೊಂದಿಲ್ಲ, ಅವಸರ ಮಾಡುವುದಿಲ್ಲ.

ಈಗ ಬಲಬದಿ. ಮೈಯಿಂದ ರಕ್ತ ತರುವ ಮೇಲಿನ ಮಹಾಸಿರೆಯಿಂದ ಕೆಳಗಿನ ಮಹಾಸಿರೆಗೆ ಬೆರಳು ಹಾಯಿಸಿ, ಕತ್ತರಿಯ ಮೊಂಡು ತುದಿ ಒಳಗಿರುವಂತೆ ಹಿಡಿದು ಹೃತ್ಕರ್ಣ ತೆರೆಯಿರಿ. ನಡುಗೋಡೆಯ ಆಚೆಯಿಂದ ಟಾರ್ಚ್ ಹಿಡಿದರೆ ತೆಳುವಾದ ಗುಳಿಯೊಂದು ಬೆಳಗುತ್ತದೆ, ಗರ್ಭದಲ್ಲಿ ತೆರೆದಿದ್ದ ಕಿಂಡಿ ಮುಚ್ಚಿಕೊಂಡ ಜಾಗ. ಮುಂದಕ್ಕೆ ತ್ರಿದಳ ಕವಾಟದ ಮೂಲಕ ಬಲ ಅಂಚಿನಗುಂಟ ಕೆಳಗಿಳಿದು, ನಡುಗೋಡೆಯ ಪಕ್ಕದಲ್ಲೇ ಮೇಲೇರಿ ಪುಪ್ಪುಸ ಅಪಧಮನಿಯಲ್ಲಿ ಹೊರಬನ್ನಿ. ಮೇಲೇರುವಾಗ ಪ್ರತಿ ಸೆಂಟಿಮೀಟರಿಗೊಮ್ಮೆ ಒಳಗಿಣುಕಿ. ನಡುಗೋಡೆಯಿಂದ ಹೊರಗೋಡೆಗೆ ಸೇತುವೆಯಂತೆ ಕಟ್ಟಿರುವ ಸ್ನಾಯುಪಟ್ಟಿಯನ್ನು ಬೇಡದ ಎಳೆಯೆಂದು ಕತ್ತರಿಸಿಬಿಡುತ್ತಾರೆ. ಮಿಡಿತದ ವಿದ್ಯುತ್ ಸಂಕೇತ ಹೊರಗೋಡೆಗೆ ತಲಪುವ ಅಡ್ಡದಾರಿ ಅದು.

ಎಡಕ್ಕೂ ಇದೇ ಕ್ರಮ. ಪುಪ್ಪುಸ ಸಿರೆಗಳಿಂದ ಹೊಕ್ಕು, ಎಡ ಅಂಚಿನಲ್ಲಿ ಎರಡು ಸ್ನಾಯುಗಂಬಗಳ ನಡುವೆ ತುದಿಯವರೆಗೆ ಕತ್ತರಿಸಿದರೆ ದ್ವಿದಳ ಕವಾಟದ ಒಂದು ತಂತುವೂ ಹರಿಯದು. ಮುಂದಿನ ದಳದ ಹಿಂದೆ ಬೆರಳಿಟ್ಟರೆ ಅದು ನೇರ ಮಹಾಪಧಮನಿಗೆ ಏರುತ್ತದೆ. ಒಳಬರುವ ದಾರಿಗೂ ಹೊರಹೋಗುವ ದಾರಿಗೂ ನಡುವೆ ಇರುವುದು ಆ ಒಂದು ದಳ ಮಾತ್ರ.

ಗೋಡೆಗಳ ದಪ್ಪವನ್ನು ನಡುಮಟ್ಟದಲ್ಲಿ ಅಳೆಯಿರಿ, ತುದಿಯಲ್ಲಿ ಬೇಡ. ಅಲ್ಲಿ ಎಡಗೋಡೆಯೂ ತೆಳು. ಎಡ ಸುಮಾರು ಮೂರು ಪಟ್ಟು ದಪ್ಪ. ಎಡಭಾಗ ಹೆಚ್ಚು ರಕ್ತ ತಳ್ಳುತ್ತದೆ, ಅದಕ್ಕೇ ದಪ್ಪ ಎಂದು ಉತ್ತರ ಬರೆಯುವವರು ಬಹಳ. ಅದು ತಪ್ಪು. ಮನುಷ್ಯ ವಿಶ್ರಾಂತಿಯಲ್ಲಿದ್ದಾಗ ಎರಡೂ ಬದಿ ಮಿಡಿತಕ್ಕೆ ಸುಮಾರು 70 ಮಿ.ಲೀ. ಅಷ್ಟನ್ನೇ ತಳ್ಳುತ್ತವೆ. ವ್ಯತ್ಯಾಸ ಒತ್ತಡದಲ್ಲಿ: ಎಡಕ್ಕೆ 120 ಮಿ.ಮೀ. ಪಾದರಸ, ಬಲಕ್ಕೆ ಬರೀ 25ರ ಆಸುಪಾಸು. ನಡುಗೋಡೆಯಲ್ಲಿ ತೂತಿದೆಯೇ ಎಂದು ವಿದ್ಯಾರ್ಥಿಗಳು ಸೂಜಿಮೊನೆಯಿಂದ ಹುಡುಕಲಿ. ಅದರಲ್ಲಿ ರಕ್ತ ಬಲದಿಂದ ಎಡಕ್ಕೆ ದಾಟುವ, ಕಣ್ಣಿಗೆ ಕಾಣದ ರಂಧ್ರಗಳಿವೆಯೆಂದು ಪ್ರಾಚೀನ ಗ್ರೀಕ್ ವೈದ್ಯ ಗೇಲನ್ನನ ಕಾಲದಿಂದ ನೂರಾರು ವರ್ಷ ನಂಬಿದ್ದರು. 1628ರಲ್ಲಿ ಇಂಗ್ಲಿಷ್ ವೈದ್ಯ ವಿಲಿಯಂ ಹಾರ್ವೆ ರಕ್ತದ ಪರಿಚಲನೆಯನ್ನು ತೋರಿಸಿಕೊಟ್ಟ ಮೇಲೆ ಆ ರಂಧ್ರಗಳ ಅಗತ್ಯವೇ ಉಳಿಯಲಿಲ್ಲ.

ಜೊತೆಗೆ ಬಂದ ಶ್ವಾಸಕೋಶದಲ್ಲಿ ನೀರು ತುಂಬಿದ ಬಿಳಿ ಗುಳ್ಳೆಗಳಿದ್ದರೆ ಕತ್ತರಿಸಬೇಡಿ. ಲಾಡಿಹುಳುವಿನ ಮರಿಗಳ ಗೂಡುಗಳಿರಬಹುದು. ಅಂಥದ್ದನ್ನು ತಿಂದ ನಾಯಿಯ ಮಲದ ಮೂಲಕ ಆ ರೋಗ ಮನುಷ್ಯರಿಗೆ ಹತ್ತುತ್ತದೆ. ಆದ್ದರಿಂದ ಉಳಿದುದೆಲ್ಲವನ್ನೂ ನಾಯಿಗಳು ಕೆದರಲಾಗದಷ್ಟು ಆಳಕ್ಕೆ ಹೂಳಿಸಿ, ತಟ್ಟೆ-ಕತ್ತರಿಗಳನ್ನು ಮೊದಲು ಸೋಪಿನಲ್ಲಿ ತೊಳೆದು, ಆಮೇಲೆ ಬ್ಲೀಚಿನ ನೀರಿನಲ್ಲಿ ಅದ್ದಿ ತೆಗೆಯುತ್ತೇನೆ.