ಎರಡು ಮನೆ ನಡುವಿನ ಮರದ ಗೋಡೆ: ಸದ್ದನ್ನೂ ಬೆಂಕಿಯನ್ನೂ ತಡೆಯುವುದು ಹೇಗೆ?

ಅಮೆರಿಕದಲ್ಲಿ ನಾಲ್ಕೈದು ಮಹಡಿಯ ಅಪಾರ್ಟ್‌ಮೆಂಟುಗಳನ್ನು ಹೆಚ್ಚಾಗಿ ಮರದ ಚೌಕಟ್ಟಿನಲ್ಲೇ ಕಟ್ಟುತ್ತಾರೆ. ಅಲ್ಲಿ ಕಾಂಡೊ (ಅಪಾರ್ಟ್‌ಮೆಂಟಿನಲ್ಲಿ ಸ್ವಂತದ ಮನೆ) ಕೊಂಡ ನಮ್ಮವರು ಪಕ್ಕದ ಮನೆಯ ಟೀವಿ ಸದ್ದಿಗೆ ಬೇಸತ್ತು ಗೋಡೆ ಬಿಚ್ಚಿಸುತ್ತಾರೆ, ಬೆಂಕಿಯ ವಿಷಯ ಮರೆತೇಬಿಡುತ್ತಾರೆ. ಎರಡು ಮನೆಗಳ ನಡುವಿನ ಗೋಡೆ ಸಾಮಾನ್ಯವಾಗಿ ಒಂದು ಗಂಟೆ ಬೆಂಕಿ ತಡೆಯಬೇಕು, ಸದ್ದು ತಡೆಯುವುದರಲ್ಲಿ ಎಸ್‌ಟಿಸಿ (ಗೋಡೆ ಎಷ್ಟು ಸದ್ದು ತಡೆಯುತ್ತದೆಂಬ ಅಂಕ) 50 ಮುಟ್ಟಬೇಕು. ಕಾಂಡೊ ಮಾಲೀಕರ ಸಂಘದ ಒಪ್ಪಿಗೆ, ಸ್ಥಳೀಯ ಆಡಳಿತದ ಪರ್ಮಿಟ್ ಎರಡೂ ಕೈಗೆ ಬಂದಮೇಲೆ ಸುತ್ತಿಗೆ ಎತ್ತಿ.

ಮೊದಲು, ಬೆಂಕಿ, ಸದ್ದು ಎರಡರ ಪರೀಕ್ಷೆಯಲ್ಲೂ ಗೆದ್ದ ಒಂದು ವಿನ್ಯಾಸ ಆರಿಸಿ ಅದರಂತೆಯೇ ಕಟ್ಟಿಸಿ. ಅದರಿಂದೊಂದು ಇದರಿಂದೊಂದು ಬೆರೆಸಬೇಡಿ.

ಒಳಗೆ ತುಂಬಲು ನನ್ನ ಆಯ್ಕೆ ಮಿನರಲ್ ವೂಲ್, ಅಂದರೆ ಕಲ್ಲು ಕರಗಿಸಿ ಎಳೆದ ನಾರಿನ ಹಾಸು. ಎರಡು ಸಾಲು ಸ್ಟಡ್ (ಗೋಡೆಯ ಚೌಕಟ್ಟಿನ ನೆಟ್ಟನೆಯ ಮರದ ಕಂಬ) ನಿಲ್ಲಿಸಿ ನಡುವೆ ಸಂದು ಬಿಟ್ಟರೆ ಸದ್ದು ತಗ್ಗುತ್ತದೆ. ಆದರೆ ಬೆಂಕಿ ಅದೇ ಸಂದಿನಲ್ಲಿ ಮೇಲೇರುತ್ತದೆ. ಅದನ್ನು ತಡೆಯಲು ಅಡ್ಡಕ್ಕೆ ಮರದ ತುಂಡು ಬಡಿದರೆ ಸದ್ದು ಮತ್ತೆ ದಾಟುತ್ತದೆ. ಬೀಳದಂತೆ ಬಿಗಿಯಾಗಿ ಕೂರಿಸಿದ ವೂಲ್ ಎರಡಕ್ಕೂ ಉತ್ತರ.

ಕೆಲಸ ಕೆಡುವುದು ರೆಸಿಲಿಯೆಂಟ್ ಚಾನೆಲ್‌ನಲ್ಲಿ. ಡ್ರೈವಾಲ್ ಹಲಗೆ (ಗೋಡೆಗೆ ಹೊದಿಸುವ ಜಿಪ್ಸಮ್ ಹಲಗೆ) ಸ್ಟಡ್‌ಗೆ ತಾಗದೆ ತೂಗುವಂತೆ ಮಾಡುವ ತೆಳು ತಗಡಿನ ಪಟ್ಟಿ ಇದು. ಸ್ಟಡ್‌ಗೆ ಕಚ್ಚುವ ಅಂಚು ಕೆಳಗಿರಬೇಕು. ತಲೆಕೆಳಗಾದರೆ ಹಲಗೆಯ ಭಾರಕ್ಕೆ ಪಟ್ಟಿ ಸ್ಟಡ್‌ಗೇ ಒತ್ತಿಕೊಳ್ಳುತ್ತದೆ. ಇನ್ನು ಸ್ಕ್ರೂ. ಹಲಗೆಯ ದಪ್ಪ 5/8 ಇಂಚು, ಚಾನೆಲ್‌ನ ಆಳ ಅರ್ಧ ಇಂಚು. ಒಂದು ಇಂಚಿನ ಸ್ಕ್ರೂ ಚಾನೆಲ್ ಹಿಡಿದು ಅಲ್ಲೇ ನಿಲ್ಲುತ್ತದೆ. ಕೈಗೆ ಸಿಕ್ಕಿತೆಂದು ಒಂದೂಕಾಲು ಇಂಚಿನದು ಹಾಕಿದರೆ ತುದಿ ಮರಕ್ಕೆ ಕಚ್ಚುತ್ತದೆ. ಅಂಥವು ನಾಲ್ಕಾರಾದರೆ ಚಾನೆಲ್‌ಗೆ ಕೊಟ್ಟ ದುಡ್ಡು ದಂಡ. ಕೆಲಸದವರ ಡಬ್ಬಿಯಲ್ಲಿ ಉದ್ದದ ಸ್ಕ್ರೂ ಇರಲೇಬಾರದು. ಅಡುಗೆಮನೆ ಕ್ಯಾಬಿನೆಟ್, ದೊಡ್ಡ ಟೀವಿ ಈ ಗೋಡೆಗೆ ಬೇಡ, ಅವುಗಳ ಮೊಳೆಯೂ ಸ್ಟಡ್ ಹುಡುಕಿಕೊಂಡೇ ಹೋಗುತ್ತದೆ.

ಹಲಗೆ ಬೆಂಕಿ ತಡೆಯುವ ಟೈಪ್ ಎಕ್ಸ್‌ನದೇ ಆಗಿರಲಿ. ಜಿಪ್ಸಮ್‌ನೊಳಗಿನ ನೀರು ಆವಿಯಾಗುತ್ತ ಬೆಂಕಿಯ ಕಾವನ್ನು ತಡೆದರೆ, ಅದರ ಗಾಜಿನ ನಾರು ಹಲಗೆ ಬಿರಿದು ಉದುರದಂತೆ ಹಿಡಿಯುತ್ತದೆ. ಗೋಡೆಗೆ ಅಂಟಿಸುವ ಸ್ಪಂಜಿನ ತುಂಡುಗಳನ್ನು ‘ಸೌಂಡ್‌ಪ್ರೂಫ್’ ಎಂದು ಮಾರುತ್ತಾರೆ, ಕೊಳ್ಳಬೇಡಿ. ಕೋಣೆಯೊಳಗಿನ ಗುಂಯ್‌ಗುಡುವಿಕೆ ತಗ್ಗೀತೇ ಹೊರತು ಪಕ್ಕದ ಮನೆಯ ಮಾತು ನಿಲ್ಲುವುದಿಲ್ಲ. ಅಗ್ಗದ ಪಾಲಿಯುರೆಥೇನ್ ಸ್ಪಂಜು ಕಿಡಿ ತಾಗಿದರೆ ಭಗ್ಗನೆ ಹತ್ತಿಕೊಳ್ಳುತ್ತದೆ.

ಸ್ವಿಚ್ ಡಬ್ಬಿಗಳು ಬೆನ್ನಿಗೆ ಬೆನ್ನು ಬರದಿರಲಿ, 24 ಇಂಚು ಅಂತರವಿಡಿ. ಸಾಧ್ಯವಾಗದಿದ್ದರೆ ಅದಕ್ಕೆಂದೇ ಒಪ್ಪಿಗೆ ಪಡೆದ ಪುಟ್ಟಿ ಪ್ಯಾಡ್ (ಮೆತ್ತನೆಯ ಅಂಟು ಹಾಳೆ) ಡಬ್ಬಿಗೆ ಸುತ್ತಿ. ಅಂಚಿನ ಸಂದುಗಳಿಗೆ ಬೆಂಕಿ ಪರೀಕ್ಷೆಯಲ್ಲೂ ಗೆದ್ದ ಅಕೌಸ್ಟಿಕ್ ಸೀಲಂಟ್ (ಸದ್ದು ತಡೆಯುವ ಮೆತ್ತು) ತುಂಬಿ. ಕಿತ್ತಳೆ ಬಣ್ಣದ ಫೋಮ್ ಚಿಮ್ಮಿಸಿ ಕೈತೊಳೆದುಕೊಳ್ಳುವವರನ್ನು ಒಪ್ಪಬೇಡಿ.

ಇನ್‌ಸ್ಪೆಕ್ಟರ್ ಬಂದು ಸ್ಕ್ರೂಗಳನ್ನು ನೋಡುವ ತನಕ ಹಲಗೆಯ ಕೂಡುಗೆರೆಗಳಿಗೆ ಟೇಪು ಹಚ್ಚಬೇಡಿ.