ಗೋಳಗುಮ್ಮಟದ ಲೆಕ್ಕ, ನನ್ನ 12 ಅಡಿ ಕೋಣೆ

ಹಿತ್ತಲ ಕೋಣೆ ಮೇಲೆ ಗೋಳಗುಮ್ಮಟದ ಲೆಕ್ಕದಲ್ಲೇ ಗುಮ್ಮಟ ಕಟ್ತೀನಿ ಅಂದಿದ್ದೆ. "ಗೋಳಗುಮ್ಮಟ ಕಟ್ಟಿಸಿದ್ದು ಬಾದಶಹರು. ನೀವು ಗೌಂಡಿ, ಸುಮ್ನೆ ಸ್ಲ್ಯಾಬ್ ಹಾಕ್ರಿ" ಅಂತ ಇಂಜಿನಿಯರ್ ಒಬ್ಬರು ನಕ್ಕಿದ್ದರು. ಅವರು ನಕ್ಕ ಮೇಲೆ ಎರಡು ಮಳೆಗಾಲ ಕಳೆದವು. ನಮ್ಮ ಹಿತ್ತಲ ಕೋಣೆ ಮೇಲಿನ ಗುಮ್ಮಟ ಒಂದು ಹನಿ ಸೋರಿಲ್ಲ. ಕಬ್ಬಿಣ ಇಲ್ಲ, ಸಿಮೆಂಟ್ ಇಲ್ಲ. ಇಟ್ಟಿಗೆ, ಸುಣ್ಣ ಅಷ್ಟೇ.

ನಾನು ವಿಜಯಪುರದವನು. ಗೋಳಗುಮ್ಮಟದಲ್ಲಿ ಎಲ್ಲರೂ ಮೇಲೆ ಹತ್ತಿ ಕೂಗುತ್ತಾರೆ. ನಾನು ಕೆಳಗೆ ನಿಂತು ಕಮಾನು ನೋಡಿ ನೋಡಿ ಕತ್ತು ನೋಯಿಸಿಕೊಂಡವನು. 1656ರಲ್ಲಿ ಮುಗಿದ ಕೆಲಸ. 135 ಅಡಿ ಚೌಕದ ಮೇಲೆ, ಒಳಗೆ 124 ಅಡಿ ಅಗಲದ ಗುಮ್ಮಟ. ನಡುವೆ ಒಂದೂ ಕಂಬ ಇಲ್ಲ. ಗುಟ್ಟು ಆ ಎಂಟು ಕಮಾನಿನಲ್ಲಿದೆ. ಒಂದರ ಮೇಲೊಂದು ತಿರುಗಿಸಿಟ್ಟ ಎರಡು ಚೌಕದ ಹಾಗೆ ಅವು ಹೆಣೆದುಕೊಂಡಿವೆ. ಗುಮ್ಮಟ ಹೊರಕ್ಕೆ ತಳ್ಳುತ್ತದೆ, ಒಳಕ್ಕೆ ಬಾಗಿದ ಕಮಾನುಗಳ ಭಾರ ಅದನ್ನು ತಡೆಯುತ್ತದೆ. ಸ್ಪೇನಿನ ಕೊರ್ದೊಬಾ ಮಸೀದಿಯಲ್ಲಿ 10ನೇ ಶತಮಾನದಲ್ಲೇ ಕಮಾನು ಪಟ್ಟಿಗಳನ್ನು ಹೆಣೆದು ನಡುವೆ ಎಂಟು ಮೂಲೆ ಬಿಟ್ಟಿದ್ದಾರೆ. ಫೋಟೋ ನೋಡಿದರೂ ಸಾಕು, ಕೈ ಕಡಿಯೋಕೆ ಶುರುವಾಗುತ್ತೆ.

ಕಮಾನು ಎಲ್ಲಿಂದ ಏಳಬೇಕು ಅಂತ ಗೋಡೆಗೆ ಗುರುತು ಹಾಕಲು ಟೇಪ್ ಕೂಡ ಬೇಡ. ಮೂಲೆಯಿಂದ ಎದುರು ಮೂಲೆಗೆ ದಾರ ಹಿಡಿದು ಎರಡು ಮಡಿಸಿ. ಆ ಅಳತೆಯನ್ನು ಪ್ರತಿ ಮೂಲೆಯಿಂದ ಎರಡೂ ಗೋಡೆಗೆ ಹಾಕಿ. ನನ್ನ 12 ಅಡಿ ಗೋಡೆ ಮೂರೂವರೆ, ಐದು, ಮೂರೂವರೆ ಅಂತ ಒಡೆಯಿತು. ಎಂಟು ಗುರುತು, ಎಂಟು ಕಮಾನಿನ ಪಾದ. ಒಂದು ಗುರುತು ಬಿಟ್ಟು ಇನ್ನೊಂದಕ್ಕೆ ಕಮಾನು. ಪ್ರತಿಯೊಂದರ ಅಗಲ 9 ಅಡಿ 2 ಇಂಚು.

ಮೊದಲ ಸಲ ಎಡವಿದ್ದು ಇಲ್ಲೇ. ದುಡ್ಡು ಉಳಿಸೋಣ ಅಂತ ಎರಡೇ ಫರ್ಮಾ, ಅಂದರೆ ಕಮಾನು ಕಟ್ಟುವಾಗ ಕೆಳಗೆ ಆಸರೆಗಿಡುವ ಪ್ಲೈವುಡ್ ಅಚ್ಚು, ಮಾಡಿಸಿದ್ದೆ. ಒಂದು ಕಮಾನು ಪೂರ್ತಿ ಕಟ್ಟಿ, ಅಡ್ಡದ್ದನ್ನು ತಂದು ಅದಕ್ಕೆ ಅಂಟಿಸಿದೆ. ಫರ್ಮಾ ತೆಗೆದ ಮೂರನೇ ದಿನಕ್ಕೆ ಕೂಡಿದ ಜಾಗದಲ್ಲಿ ಬೆರಳು ತೂರುವಷ್ಟು ಬಿರುಕು. ಎಲ್ಲಾ ಇಳಿಸಿದೆ. 18,000 ಹತ್ರ ಮಣ್ಣುಪಾಲು. ಮನೆಯಲ್ಲಿ ಒಂದು ವಾರ ಮಾತಿಲ್ಲ. ಆಮೇಲೆ ಎಂಟೂ ಫರ್ಮಾ ನಿಲ್ಲಿಸಿ, ಎಂಟೂ ಕಮಾನನ್ನು ಇಟ್ಟಿಗೆಯ ಒಂದೊಂದೇ ವರಸೆ (ಸಾಲು) ಜೊತೆಜೊತೆಗೆ ಏರಿಸಿದೆ. ಕೂಡುವ ಕಡೆ ಎರಡು ಕಮಾನಿಗೂ ಒಂದೇ ಇಟ್ಟಿಗೆ ಕೂರಬೇಕು. ಅದನ್ನು ಕೆತ್ತುವ ಬಗೆ ಇಲ್ಲಿ ಬರೆಯಲ್ಲ, ಮನೆಗೆ ಬನ್ನಿ, ತೋರಿಸ್ತೀನಿ.

ಗುಮ್ಮಟಕ್ಕೆ ಸೆಂಟ್ರಿಂಗ್ ಇಲ್ಲ, ಕೆಳಗಿಂದ ಹಲಗೆಯ ಆಸರೆ ಇಲ್ಲ. ನಡುವೆ ಗೂಟ, ಗೂಟಕ್ಕೆ ತಿರುಗುವ ಕೋಲು, ಕೋಲಿನ ತುದಿ ಮುಟ್ಟಿದಲ್ಲಿ ಇಟ್ಟಿಗೆ. ಸುತ್ತು ಕೂಡಿತೋ, ತಾನೇ ನಿಲ್ಲುತ್ತದೆ. ಕೂಡದಿದ್ದರೆ ಇಲ್ಲ. ಹತ್ತನೇ ಸುತ್ತೋ ಹನ್ನೊಂದನೆಯದೋ, ನಾಲ್ಕು ಇಟ್ಟಿಗೆ ಬಾಕಿ ಇದ್ದಾಗ ಊಟಕ್ಕೆ ಇಳಿದೆವು. ರೊಟ್ಟಿ ಮುರಿಯುವಷ್ಟರಲ್ಲಿ ದಡದಡ ಸದ್ದು. ಯಾರಿಗೂ ಏನೂ ಆಗಲಿಲ್ಲ, ಪುಣ್ಯ. ಮೇಲಿನ ಸುತ್ತುಗಳಲ್ಲಿ ಇಟ್ಟಿಗೆ ಜಾರುತ್ತದೆ. ಹಗ್ಗಕ್ಕೆ ಕಲ್ಲು ಕಟ್ಟಿ ಹಿಂದಕ್ಕೆ ಇಳಿಬಿಟ್ಟು, ಇನ್ನೊಂದು ತುದಿಯಿಂದ ಇಟ್ಟಿಗೆಯನ್ನು ಅವುಚಿ ಹಿಡಿಸಿದೆ. ಗಾರೆಗೆ ಸುಣ್ಣ, ಸುರ್ಕಿ (ಇಟ್ಟಿಗೆ ಪುಡಿ), ಬೆಲ್ಲದ ನೀರು. ಇನ್ನೊಂದು ವಸ್ತು ಇದೆ, ಅದು ಅಪ್ಪ ಹೇಳಿಕೊಟ್ಟದ್ದು.

ಕಟ್ಟಿದ ಮೇಲೆ ಹೊರಗಿಂದ ನೋಡಿದರೆ ಬೋರಲು ಹಾಕಿದ ಬೋಗುಣಿ! ಸರಿಯಾದ ಅರ್ಧಗೋಳವೇ, ಆದರೆ ಕೆಳಗೆ ನಿಂತವರಿಗೆ ಕುಳ್ಳಗೆ ಕಾಣುತ್ತೆ. ಪ್ಯಾರಾಪೆಟ್ ಅರ್ಧ ನುಂಗಿತ್ತು. ನಮ್ಮೂರಿನ ಗುಮ್ಮಟಗಳ ಬುಡದಲ್ಲಿ ಕಮಲದ ದಳ ಯಾಕೆ ಅಂತ ಆಗ ಹೊಳೆಯಿತು. ಕಣ್ಣನ್ನು ಮೇಲೆತ್ತುತ್ತದೆ, ಕೂಡಿಕೆಯನ್ನೂ ಮುಚ್ಚುತ್ತದೆ. ಪ್ಯಾರಾಪೆಟ್ ಎರಡು ವರಸೆ ಇಳಿಸಿ, ಗಾರೆಯಲ್ಲಿ 24 ದಳ ಎತ್ತಿದೆ. ಈಗ ದಾರಿಹೋಕರು ನಿಂತು ನೋಡುತ್ತಾರೆ.

ಗೋಳಗುಮ್ಮಟದ ಹಾಗೆ ಪಿಸುಮಾತು ಸುತ್ತಿ ಬರುತ್ತೇನೋ ಅಂತ ಮೊಮ್ಮಗನನ್ನು ಒಂದು ಮೂಲೆಗೆ ನಿಲ್ಲಿಸಿ ನೋಡಿದೆ. ಬರೀ ಗುಂಯ್. ಮಾತು ಬಿಡಿಯಾಗಿ ಮರಳಬೇಕೆಂದರೆ ಎದುರು ಗೋಡೆ 55 ಅಡಿಯಾದರೂ ದೂರ ಇರಬೇಕಂತೆ.

ಒಟ್ಟು ಖರ್ಚು ಒಂದು ಲಕ್ಷ ನಲವತ್ತು ಸಾವಿರ ಆಗಿರಬಹುದು, ಬಿದ್ದದ್ದೂ ಸೇರಿ. ಇಟ್ಟಿಗೆ 3,000 ಹತ್ರ. ಸ್ಲ್ಯಾಬ್ ಆಗಿದ್ದರೆ ಅರ್ಧಕ್ಕೆ ಮುಗೀತಿತ್ತು, ಒಪ್ಪುತ್ತೇನೆ. ಆದರೆ ಏಪ್ರಿಲ್ ಮಧ್ಯಾಹ್ನ ಆ ಕೋಣೆಯಲ್ಲಿ ಮಲಗಿ ನೋಡಿ. ಈಗ 16 ಅಡಿ ಕೋಣೆಯ ಕೆಲಸ ಒಂದು ಸಿಕ್ಕಿದೆ. ಹಳೇ ಫರ್ಮಾ ಹೊಂದಲ್ಲ, ಮತ್ತೆ ಪ್ಲೈವುಡ್ ತರಬೇಕು.