ರಿಮೋಟ್ ಜಲಾಂತರ್ಗಾಮಿಯನ್ನು ಮೊದಲ ಬಾರಿಗೆ ಕಟ್ಟುವವರಿಗೆ

ರೇಡಿಯೋ ನಿಯಂತ್ರಣದ ಜಲಾಂತರ್ಗಾಮಿಯನ್ನು ಕಟ್ಟಲು ಹೊರಟವರು, ಒಂದು ತಿರುಪನ್ನೂ ಕೊಳ್ಳುವ ಮೊದಲು, ಅದು ಯಾವ ಬಗೆಯಲ್ಲಿ ಮುಳುಗಬೇಕೆಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಇದಕ್ಕೆ ಎರಡು ದಾರಿಗಳಿವೆ. ನೌಕಾಪಡೆಯ ಜಲಾಂತರ್ಗಾಮಿಗಳಂತೆ ಒಳಗಿನ ತೊಟ್ಟಿಗೆ ನೀರು ಎಳೆದುಕೊಂಡು, ತೂಕ ಹೆಚ್ಚಿಸಿಕೊಂಡು, ನಿಂತಲ್ಲೇ ಮುಳುಗುವುದು ಒಂದು ದಾರಿ. ಇದಕ್ಕೆ ಪಂಪ್ ಅಥವಾ ಪಿಸ್ಟನ್ ಬೇಕು, ಅದನ್ನು ನಿಯಂತ್ರಿಸುವ ಸರ್ಕ್ಯೂಟ್ ಬೇಕು, ಮತ್ತು ಇವುಗಳಲ್ಲಿ ಯಾವುದು ಕೈಕೊಟ್ಟರೂ ನಿಮ್ಮ ದೋಣಿ ತಳದಲ್ಲೇ ಉಳಿಯುತ್ತದೆ. ಇನ್ನೊಂದು ದಾರಿಯಲ್ಲಿ ದೋಣಿ ಯಾವಾಗಲೂ ನೀರಿಗಿಂತ ತುಸು ಹಗುರವಾಗಿಯೇ ಇರುತ್ತದೆ. ಅದು ಮುಂದಕ್ಕೆ ಓಡುವಾಗ ಬಾಲದ ಅಡ್ಡ ರೆಕ್ಕೆಗಳನ್ನು ಓರೆ ಮಾಡಿದರೆ ಹರಿಯುವ ನೀರೇ ಅದನ್ನು ಕೆಳಕ್ಕೆ ಒತ್ತುತ್ತದೆ. ಮೋಟಾರ್ ನಿಂತರೂ, ಬ್ಯಾಟರಿ ಮುಗಿದರೂ, ಸಿಗ್ನಲ್ ತಪ್ಪಿದರೂ ಅದು ತಾನಾಗಿ ಮೇಲೆ ಬರುತ್ತದೆ. ಹೊಸಬರು ಎರಡನೆಯ ದಾರಿಯನ್ನು ಬಿಟ್ಟು ಬೇರೆಯದನ್ನು ಯೋಚಿಸಬಾರದೆಂಬುದು ನನ್ನ ದೃಢ ಅಭಿಪ್ರಾಯ, ಮತ್ತು ಮುಂದೆ ಹೇಳುವುದೆಲ್ಲವೂ ಈ ಬಗೆಯ ದೋಣಿಗೆ ಸಂಬಂಧಿಸಿದ್ದು.

ಆಕಾರದ ವಿಷಯದಲ್ಲಿಯೂ ಆಸೆಗೆ ಕಡಿವಾಣ ಹಾಕಬೇಕಾಗುತ್ತದೆ. ಎರಡನೆಯ ಮಹಾಯುದ್ಧದ ಜರ್ಮನ್ ಯು-ಬೋಟುಗಳು ನೋಡಲು ಸೊಗಸಾಗಿವೆ, ನಿಜ. ಆದರೆ ಅವುಗಳ ಒಡಲು ಕಿರಿದು, ಪ್ರೊಪೆಲ್ಲರ್‌ಗಳು ಎರಡು, ಮೇಲಿನ ಅಟ್ಟದಲ್ಲಿ ಗಾಳಿ ಸಿಕ್ಕಿಹಾಕಿಕೊಳ್ಳುವ ಮೂಲೆಗಳು ಹತ್ತಾರು. 1953ರಲ್ಲಿ ಅಮೆರಿಕದ ನೌಕಾಪಡೆ ನೀರಿಗಿಳಿಸಿದ ಪ್ರಾಯೋಗಿಕ ಜಲಾಂತರ್ಗಾಮಿ ಅಲ್ಬಕೋರ್‌ನ ಹನಿಯಾಕಾರದ ಒಡಲು ಮತ್ತು ಒಂಟಿ ಪ್ರೊಪೆಲ್ಲರ್ ಹೊಸಬರಿಗೆ ಒಳ್ಳೆಯ ಮಾದರಿ, ಏಕೆಂದರೆ ನೀರಿನಡಿಯ ಓಟಕ್ಕೆಂದೇ ರೂಪಿಸಿದ ಆಕಾರ ಅದು. ನಾವು ಅದನ್ನು ಹಾರ್ಡ್‌ವೇರ್ ಅಂಗಡಿಯ ವಸ್ತುಗಳಿಂದಲೇ ಹತ್ತಿರ ಹತ್ತಿರ ಅನುಕರಿಸಬಹುದು: ನಡುವೆ ಪಿವಿಸಿ ಪೈಪ್, ಮೂತಿಗೆ ಪ್ಲಾಸ್ಟಿಕ್ ಚೆಂಡಿನ ಅರ್ಧ, ಬಾಲಕ್ಕೆ ಎಣ್ಣೆ ಸುರಿಯುವ ಪ್ಲಾಸ್ಟಿಕ್ ಆಲಿಕೆ. ಮೂತಿ ಮತ್ತು ಬಾಲದಲ್ಲಿ ಮೇಲೊಂದು, ಕೆಳಗೊಂದು ತೂತು ಕೊರೆದು ಅವುಗಳೊಳಗೆ ನೀರು ತುಂಬಲು ಬಿಡಬೇಕು. ನೀರು ಹೋಗಬಾರದ ಜಾಗ ಪೈಪ್ ಒಂದೇ.

ಪೈಪನ್ನು ಕತ್ತರಿಸುವ ಮೊದಲು ಲೆಕ್ಕ ಮಾಡಿಕೊಳ್ಳಿ. 75 ಮಿ.ಮೀ. ಹೊರವ್ಯಾಸದ, 50 ಸೆಂ.ಮೀ. ಉದ್ದದ ಮುಚ್ಚಿದ ಪೈಪ್ ಸುಮಾರು 2,200 ಘನ ಸೆಂ.ಮೀ. ನೀರನ್ನು ಪಕ್ಕಕ್ಕೆ ಸರಿಸುತ್ತದೆ. ಅಂದರೆ ದೋಣಿಯ ಒಟ್ಟು ತೂಕ 2.2 ಕೆ.ಜಿ.ಯ ಸಮೀಪಕ್ಕೆ ಬಂದಾಗಲಷ್ಟೇ ಅದು ಮುಳುಗುವ ಮಾತು. ಅದೇ ಉದ್ದದ 110 ಮಿ.ಮೀ. ಪೈಪ್ ತೆಗೆದುಕೊಂಡರೆ ಈ ತೂಕ 4.7 ಕೆ.ಜಿ. ದಾಟುತ್ತದೆ. ಒಳಗೆ ಜಾಗ ಹೆಚ್ಚು ಸಿಗುತ್ತದೆಂದು ದೊಡ್ಡ ಪೈಪನ್ನು ಆರಿಸಿದವರು ಈ ಹೆಚ್ಚುವರಿ ತೂಕದ ಬಹುಪಾಲನ್ನು ಬರಿಯ ಸೀಸದಿಂದಲೇ ತುಂಬಬೇಕಾಗುತ್ತದೆ.

ಹಿಂದಿನ ತುದಿಗೆ ಎಂಡ್ ಕ್ಯಾಪನ್ನು ಸಾಲ್ವೆಂಟ್ ಸಿಮೆಂಟಿನಿಂದ ಶಾಶ್ವತವಾಗಿ ಅಂಟಿಸಿ. ಪ್ರೊಪೆಲ್ಲರಿನ ಶಾಫ್ಟ್, ಚುಕ್ಕಾಣಿಯ ಸರಳು, ಅಡ್ಡ ರೆಕ್ಕೆಯ ಸರಳು ಮೂರೂ ಈ ಒಂದೇ ಕ್ಯಾಪಿನ ಮೂಲಕ ಹೊರಬರಲಿ. ಮುಂದಿನ ತುದಿ ಮಾತ್ರ ತೆರೆಯುವಂತಿರಬೇಕು. ಇದಕ್ಕೆ ಲೇತ್ ಕೆಲಸದವರಲ್ಲಿ ಪೈಪಿನ ಒಳವ್ಯಾಸಕ್ಕೆ ಸರಿಯಾಗಿ ಒಂದು ನೈಲಾನ್ ಬಿಲ್ಲೆಯನ್ನು ಕಡೆಯಿಸಿ, ಅದರ ಅಂಚಿನಲ್ಲಿ ಎರಡು ಓ-ರಿಂಗ್ (ಸೋರಿಕೆ ತಡೆಯುವ ರಬ್ಬರ್ ಉಂಗುರ) ಕೂರುವ ತೋಡುಗಳನ್ನು ತೆಗೆಸಿಕೊಳ್ಳುವುದು ಉತ್ತಮ. ಪೈಪಿನ ತುಂಡನ್ನೇ ಜೊತೆಗೆ ಒಯ್ಯಿರಿ, ಏಕೆಂದರೆ ಪಿವಿಸಿ ಪೈಪುಗಳ ಒಳವ್ಯಾಸ ತಯಾರಕರಿಂದ ತಯಾರಕರಿಗೆ ಬದಲಾಗುತ್ತದೆ. ಬಿಲ್ಲೆಯಲ್ಲಿ ಗಾಳಿ ಬಿಡಲು ಒಂದು ಸಣ್ಣ ತೂತು ಮತ್ತು ಅದನ್ನು ಮುಚ್ಚಲು ರಬ್ಬರ್ ವಾಷರ್ ಇರುವ ತಿರುಪು ಇರಲೇಬೇಕು. ಆ ತೂತಿಲ್ಲದಿದ್ದರೆ ಬಿಲ್ಲೆಯನ್ನು ಒಳಗೆ ಒತ್ತಿದಷ್ಟೂ ಒಳಗಿನ ಗಾಳಿ ಅದನ್ನು ಹೊರಕ್ಕೆ ತಳ್ಳುತ್ತದೆ. ಓ-ರಿಂಗಿಗೆ ಸಿಲಿಕೋನ್ ಗ್ರೀಸ್ ಸವರಿ. ಗ್ಯಾರೇಜಿನ ಸಾಮಾನ್ಯ ಗ್ರೀಸಿನಿಂದ ಕೆಲವು ಬಗೆಯ ರಬ್ಬರ್ ಉಬ್ಬುತ್ತದೆ.

ಶಾಫ್ಟ್ ಹಾದುಹೋಗಲು ಹಿತ್ತಾಳೆಯ ಕೊಳವೆಯನ್ನು ಎಪಾಕ್ಸಿಯಿಂದ ಕೂರಿಸಿ, ಅದರ ಎರಡೂ ತುದಿಗಳಲ್ಲಿ ಬುಶ್ (ಶಾಫ್ಟ್ ಅಲುಗದೆ ತಿರುಗಲು ಆಸರೆಯಾಗುವ ಬಳೆ) ಇಟ್ಟು, ನಡುವಿನ ಜಾಗವನ್ನು ದಪ್ಪ ಗ್ರೀಸಿನಿಂದ ತುಂಬಬೇಕು. ಹಿಂದೆ ಮುಂದೆ ಸರಿಯುವ ಸರಳುಗಳಿಗೆ ಮಡಿಕೆಗಳಿರುವ ರಬ್ಬರ್ ಬೆಲ್ಲೋಸ್ ತೊಡಿಸುವುದು ಗ್ರೀಸಿಗಿಂತ ಹೆಚ್ಚು ನಂಬಿಕೆಗೆ ಅರ್ಹ.

ಸೋರಿಕೆಯ ಪರೀಕ್ಷೆಯನ್ನು ಎಲೆಕ್ಟ್ರಾನಿಕ್ಸ್ ಒಳಗಿಡುವ ಮೊದಲೇ ಮುಗಿಸಬೇಕು. ಗಾಳಿಯ ತೂತಿಗೆ ಸಣ್ಣ ಕೊಳವೆ ಸಿಕ್ಕಿಸಿ, ಪೈಪನ್ನು ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಹಿಡಿದು, ಬಾಯಿಯಿಂದ ಊದಿ. ಗುಳ್ಳೆ ಎದ್ದ ಕಡೆ ಗುರುತು ಹಾಕಿಕೊಳ್ಳಿ. ಒಂದು ಮೀಟರ್ ಆಳದಲ್ಲಿ ನೀರಿನ ಒತ್ತಡ ಸುಮಾರು 0.1 ಬಾರ್ ಮಾತ್ರ, ಮತ್ತು ಬಲವಾಗಿ ಊದಿದರೆ ಅದರ ಹತ್ತಿರಕ್ಕೆ ಬರಬಹುದು. ಸೈಕಲ್ ಪಂಪ್ ಬಳಸುವುದು ಅಪಾಯಕರ: ಒಳಗೆ 2 ಬಾರ್ ಒತ್ತಡ ತುಂಬಿದರೆ ಮುಂದಿನ ಬಿಲ್ಲೆಯ ಮೇಲೆ ಬೀಳುವ ಒತ್ತು 75 ಕೆ.ಜಿ. ಭಾರವನ್ನು ದಾಟುತ್ತದೆ, ಆಗ ಅದು ಗುಂಡಿನಂತೆ ಹಾರಿಬರುತ್ತದೆ.

ಇನ್ನು ರೇಡಿಯೋ. ಇಂದು ಮಾರುಕಟ್ಟೆಯಲ್ಲಿರುವ ಬಹುತೇಕ ಹವ್ಯಾಸಿ ರಿಮೋಟ್‌ಗಳು 2.4 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. ಆ ಅಲೆಗಳನ್ನು ನೀರು ಕೆಲವೇ ಸೆಂಟಿಮೀಟರುಗಳಲ್ಲಿ ಹೀರಿಬಿಡುತ್ತದೆ. 27 ಅಥವಾ 40 ಮೆಗಾಹರ್ಟ್ಸ್‌ನ ಹಳೆಯ ಸೆಟ್‌ಗಳು ಸಿಹಿನೀರಿನಲ್ಲಿ ಒಂದೆರಡು ಮೀಟರ್ ಆಳದವರೆಗೂ ತಲುಪುತ್ತವೆ. ಭಾರತದಲ್ಲಿ 26.957ರಿಂದ 27.283 ಮೆಗಾಹರ್ಟ್ಸ್‌ವರೆಗಿನ ಪಟ್ಟಿಯನ್ನು ಕಡಿಮೆ ಶಕ್ತಿಯ ಸಾಧನಗಳಿಗೆ ಪರವಾನಗಿ ಇಲ್ಲದೆ ಬಳಸಬಹುದು. ಅಂಥ ಸೆಟ್ ಸಿಗದಿದ್ದರೆ 2.4 ಗಿಗಾಹರ್ಟ್ಸ್ ರಿಸೀವರಿನ ಆಂಟೆನಾವನ್ನು ತೆಳುವಾದ ಕೋಆಕ್ಸಿಯಲ್ ಕೇಬಲ್ಲಿನಿಂದ ಮೇಲ್ಮೈಯಲ್ಲಿ ತೇಲುವ ಥರ್ಮೋಕೋಲ್ ಬೆಂಡಿಗೆ ಕೊಂಡೊಯ್ದು, ತುದಿಯ 31 ಮಿ.ಮೀ. ಮಾತ್ರ ಕವಚವಿಲ್ಲದೆ ನೆಟ್ಟಗೆ ನಿಲ್ಲುವಂತೆ ಮಾಡಬೇಕು. ನೋಡಲು ಅಷ್ಟು ಚೆನ್ನಾಗಿರುವುದಿಲ್ಲ, ಆದರೆ ದೋಣಿ ಎಲ್ಲಿದೆ ಎಂಬುದು ಬೆಂಡಿನಿಂದಲೇ ತಿಳಿಯುತ್ತದೆ, ಅದೇನೂ ಸಣ್ಣ ಲಾಭವಲ್ಲ. ಉಪ್ಪುನೀರಿನಲ್ಲಿ ಮೆಗಾಹರ್ಟ್ಸ್ ಅಲೆಗಳೂ ಬೇಗ ಸಾಯುವುದರಿಂದ ಸಮುದ್ರದ ಯೋಚನೆಯನ್ನು ಬಿಡಿ. ಸಿಗ್ನಲ್ ತಪ್ಪಿದಾಗ ಮೋಟಾರ್ ನಿಲ್ಲುವಂತೆ ರಿಸೀವರಿನ ಫೇಲ್‌ಸೇಫ್ ಹೊಂದಿಸಿ, ರಿಮೋಟ್ ಆಫ್ ಮಾಡಿ ಅದನ್ನು ದಡದಲ್ಲೇ ಪರೀಕ್ಷಿಸಿಕೊಳ್ಳಿ.

ಒಳಗಿನ ಸಾಮಾನುಗಳ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ: ಬ್ರಶ್ ಇರುವ ಸಾಧಾರಣ ಡಿಸಿ ಮೋಟಾರ್, ಎರಡೂ ದಿಕ್ಕಿಗೆ ತಿರುಗಿಸಬಲ್ಲ ಸ್ಪೀಡ್ ಕಂಟ್ರೋಲರ್, ಚುಕ್ಕಾಣಿ ಮತ್ತು ಅಡ್ಡ ರೆಕ್ಕೆಯ ಸರಳುಗಳನ್ನು ಸರಿಸುವ ಎರಡು ಸರ್ವೋ, 7.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ. ಎಲ್ಲವನ್ನೂ ಒಂದೇ ಹಲಗೆಯ ಮೇಲೆ ಜೋಡಿಸಿ, ಆ ಹಲಗೆ ಮುಂದಿನಿಂದ ಒಳಗೆ ಜಾರುವಂತೆ ಮಾಡಿ.

ನಿಜವಾದ ಕೆಲಸ ತೂಕ ಹೊಂದಿಸುವುದರಲ್ಲಿದೆ, ಮತ್ತು ಇದಕ್ಕೆ ಒಂದು ಇಡೀ ದಿನವನ್ನೇ ಮೀಸಲಿಡುವುದು ಒಳ್ಳೆಯದು. ಎಲ್ಲ ಸಾಮಾನನ್ನೂ ಒಳಗಿಟ್ಟು, ಮುಚ್ಚಿ, ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ, 2.2 ಕೆ.ಜಿ.ಗೆ ಎಷ್ಟು ಕಡಿಮೆಯಿದೆಯೋ ಅದಕ್ಕಿಂತ 50 ಗ್ರಾಂ ಕಡಿಮೆ ಸೀಸವನ್ನು ಸೇರಿಸಿ. ಬಲೆಗೆ ಕಟ್ಟುವ ಸೀಸದ ಗುಂಡುಗಳು ಇದಕ್ಕೆ ಅನುಕೂಲ, ಏಕೆಂದರೆ ಅವುಗಳನ್ನು ಒಂದೊಂದಾಗಿ ಸರಿಸಿ ನೋಡಬಹುದು. ಮುಟ್ಟಿದ ಮೇಲೆ ಕೈ ತೊಳೆದುಕೊಳ್ಳಿ. ಸೀಸ ಮತ್ತು ಬ್ಯಾಟರಿ ಪೈಪಿನ ತಳಭಾಗದಲ್ಲಿಯೇ ಇರಬೇಕು. ಭಾರದ ಕೇಂದ್ರವು ತೇಲುವ ಬಲದ ಕೇಂದ್ರಕ್ಕಿಂತ ಕೆಳಗಿದ್ದರೆ ಮಾತ್ರ ದೋಣಿ ನೆಟ್ಟಗೆ ನಿಲ್ಲುತ್ತದೆ. ಇಲ್ಲವಾದರೆ ಪ್ರೊಪೆಲ್ಲರ್ ಒಂದು ಕಡೆಗೆ ತಿರುಗುವಾಗ ಒಡಲು ಇನ್ನೊಂದು ಕಡೆಗೆ ಹೊರಳುತ್ತದೆ. ತೊಟ್ಟಿಯಲ್ಲಿ ಅದನ್ನು ಕೈಯಿಂದ ಪಕ್ಕಕ್ಕೆ ಮಲಗಿಸಿ ಬಿಟ್ಟು ನೋಡಿ: ತಡಮಾಡದೆ ಎದ್ದು ನಿಂತರೆ ಸರಿ, ಸೋಮಾರಿಯಂತೆ ನಿಧಾನವಾಗಿ ತಿರುಗಿದರೆ ಸೀಸವನ್ನು ಇನ್ನೂ ಕೆಳಕ್ಕೆ ಇಳಿಸಬೇಕು. ಬಳಿಕ ಮೂತಿ ಬಾಲಗಳ ಸಮತೋಲನ ನೋಡಿ. ಒಡಲು ನೀರಿನ ಮಟ್ಟಕ್ಕೆ ಸಮಾನಾಂತರವಾಗಿ, ಬೆನ್ನಿನ ಒಂದು ಗೆರೆ ಮತ್ತು, ಬೆನ್ನ ಮೇಲೆ ಗೋಪುರ ಕೂರಿಸಿದ್ದರೆ ಅದು, ಮಾತ್ರ ಕಾಣುವಂತೆ ತೇಲಬೇಕು. ಗ್ರಾಂ ಲೆಕ್ಕದ ಕೊನೆಯ ತಿದ್ದುಪಡಿಗೆ ನೀರು ಹೀರದ ಫೋಮ್ ತುಂಡುಗಳನ್ನು ಮೂತಿ ಅಥವಾ ಬಾಲದಲ್ಲಿ ಸಿಕ್ಕಿಸಿ. ಮೂತಿ, ಬಾಲಗಳಲ್ಲಿ ಗಾಳಿ ಉಳಿದಿದ್ದರೆ ಈ ಲೆಕ್ಕವೆಲ್ಲ ಸುಳ್ಳಾಗುತ್ತದೆ, ಆದ್ದರಿಂದ ಅಳೆಯುವ ಮೊದಲು ದೋಣಿಯನ್ನು ನೀರಿನಲ್ಲಿ ಅಲುಗಾಡಿಸಿ.

ಮೊದಲ ಓಟಕ್ಕೆ ತಳ ಕಾಣುವ, ಸೊಂಟದಾಳದ ನೀರು ಸಾಕು; ಪಾಚಿ, ಜೊಂಡು ಇರುವ ಕೆರೆ ಬೇಡ, ಬಾವಿಯಂತೂ ಬೇಡವೇ ಬೇಡ. ಮೊದಲು ಮೇಲ್ಮೈಯಲ್ಲೇ ಎಡಬಲ ತಿರುಗಿಸಿ ಅಭ್ಯಾಸ ಮಾಡಿಕೊಳ್ಳಿ. ನಂತರ ವೇಗ ಹೆಚ್ಚಿಸಿ ಅಡ್ಡ ರೆಕ್ಕೆಗಳನ್ನು ಹತ್ತು ಡಿಗ್ರಿಯಷ್ಟು ಮಾತ್ರ ಬಾಗಿಸಿ. ರೆಕ್ಕೆಯ ಬಲ ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ನಿಧಾನವಾಗಿ ಓಡಿಸಿ ಮುಳುಗುತ್ತಿಲ್ಲವೆಂದು ದೂರುವ ಬದಲು ವೇಗವನ್ನು ಕೊಂಚ ಏರಿಸಿ ನೋಡಬೇಕು. ಪೂರ್ಣ ವೇಗದಲ್ಲಿಯೂ ಮುಳುಗದಿದ್ದರೆ ಹತ್ತು ಹತ್ತು ಗ್ರಾಂ ಸೀಸವನ್ನು ಸೇರಿಸುತ್ತಾ ಹೋಗಿ, ಆದರೆ ಮೀಸಲು ತೇಲುಬಲ, ಅಂದರೆ ಆರಂಭದಲ್ಲಿ ಕಡಿಮೆ ಇಟ್ಟುಕೊಂಡ ಆ 50 ಗ್ರಾಂ, 20 ಗ್ರಾಂಗಿಂತ ಕೆಳಗಿಳಿಯದಿರಲಿ.

ಓಟ ಮುಗಿದ ಕೂಡಲೇ ಹೊರಮೈಯನ್ನು ಒರೆಸಿ, ಬಿಲ್ಲೆಯನ್ನು ತೆರೆದು, ಓಟಕ್ಕೆ ಮೊದಲೇ ಪೈಪಿನೊಳಗೆ ತಳದಲ್ಲಿ ಹಾಸಿಟ್ಟುಕೊಳ್ಳಬೇಕಾದ ಟಿಶ್ಯೂ ಕಾಗದ ಒದ್ದೆಯಾಗಿದೆಯೇ ನೋಡಿ; ಅದು ಯಾವ ತುದಿಯಲ್ಲಿ ನೆನೆದಿದೆ ಎಂಬುದೇ ಸೋರಿಕೆ ಎಲ್ಲಿಂದ ಎಂಬುದನ್ನು ತಿಳಿಸುತ್ತದೆ. ಬ್ಯಾಟರಿಯನ್ನು ಯಾವಾಗಲೂ ಹೊರತೆಗೆದೇ ಚಾರ್ಜ್ ಮಾಡಬೇಕು, ಮುಚ್ಚಿದ ಪೈಪಿನೊಳಗೆ ಎಂದಿಗೂ ಅಲ್ಲ, ಏಕೆಂದರೆ ಚಾರ್ಜ್ ಆಗುವಾಗ ಹೊರಬೀಳಬಹುದಾದ ಹೈಡ್ರೋಜನ್‌ಗೆ ಅಲ್ಲಿ ಹೋಗಲು ದಾರಿಯಿರುವುದಿಲ್ಲ.